ಚಿಂಗ್‌ಹಾವ್ ಸೊಪ್ಪಿನ ಕಷಾಯ: ಅಪ್ಪನ ಚಳಿಜ್ವರಕ್ಕೆ ಎಷ್ಟು ಕೊಡಬೇಕು?

ಗುವಾಂಗ್‌ಜೌ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಆರು ವರ್ಷಗಳಿಂದ ಚೀನಾದ ಗುವಾಂಗ್‌ಜೌನಲ್ಲಿದ್ದೇನೆ, ಟೈಲ್ಸ್ ಖರೀದಿಯ ಕೆಲಸ. ಅಪ್ಪ ಅಮ್ಮ ಮಂಗಳೂರಿನಲ್ಲಿದ್ದಾರೆ. ಅಪ್ಪನಿಗೆ 68 ವರ್ಷ. ಹತ್ತು ದಿನಗಳಿಂದ ದಿನ ಬಿಟ್ಟು ದಿನ ನಡುಕ ಬಂದು ಜ್ವರ ಏರುತ್ತಿದೆ. ಬೆವರಿ ಇಳಿದ ಮೇಲೆ ಮಾರನೆಯ ದಿನ ಏನೂ ಆಗದವರಂತೆ ಅಂಗಡಿಗೆ ಹೋಗಿ ಬರುತ್ತಾರೆ. ಕಳೆದ ಮಳೆಗಾಲದಲ್ಲಿ ಅವರಿಗೆ ಮಲೇರಿಯಾ ಬಂದು ಗುಣವಾಗಿತ್ತು.

ಇಲ್ಲಿನ ಗಿಡಮೂಲಿಕೆ ಅಂಗಡಿಯಲ್ಲಿ ಚಿಂಗ್‌ಹಾವ್ ಎಂಬ ಒಣ ಸೊಪ್ಪು ಸಿಗುತ್ತದೆ. ಇದರಿಂದ ಮಲೇರಿಯಾ ಔಷಧ ಕಂಡುಹಿಡಿದವರಿಗೆ ನೊಬೆಲ್ ಬಂದಿದೆ ಎಂದು ಓದಿದ್ದೆ. ಊರಿಗೆ ಹೊರಟಿದ್ದ ಸ್ನೇಹಿತರ ಕೈಯಲ್ಲಿ ಅರ್ಧ ಕಿಲೋ ಕಳುಹಿಸಿದೆ. ಅಮ್ಮ ಒಂದು ಹಿಡಿ ಸೊಪ್ಪಿಗೆ ನಾಲ್ಕು ಲೋಟ ನೀರು ಹಾಕಿ, ಒಂದು ಲೋಟಕ್ಕೆ ಇಳಿಯುವ ತನಕ ಕುದಿಸಿ, ಬೆಳಿಗ್ಗೆ ಸಂಜೆ ಮೂರು ದಿನ ಕೊಟ್ಟರು. ಜ್ವರ ಬಿಟ್ಟಿತು. ನಮಗೆಲ್ಲ ಬಹಳ ಸಂತೋಷವಾಗಿತ್ತು. ನಿನ್ನೆ ಸಂಜೆ ಮತ್ತೆ ನಡುಕ ಶುರುವಾಗಿದೆ. ಸೊಪ್ಪಿನ ಪ್ರಮಾಣ ಹೆಚ್ಚಿಸಬೇಕೇ? ಇನ್ನೂ ಹೆಚ್ಚು ಹೊತ್ತು ಕುದಿಸಬೇಕೇ? ತಿಳಿದವರು ದಯವಿಟ್ಟು ಹೇಳಿ.

ಉಡುಪಿಯ ಲ್ಯಾಬ್ ತಂತ್ರಜ್ಞೆ

ಪ್ರಮಾಣದ ಮಾತು ಆಮೇಲೆ. ರಕ್ತ ಪರೀಕ್ಷೆ ಮಾಡಿಸಿದ್ದೀರಾ? ನಿಮ್ಮ ಬರಹದಲ್ಲಿ ಅದರ ಸುದ್ದಿಯೇ ಇಲ್ಲ. ದಿನ ಬಿಟ್ಟು ದಿನ ಬರುವ ನಡುಕ, ಕರಾವಳಿ, ಕಳೆದ ವರ್ಷ ಮಲೇರಿಯಾ: ಈ ಮೂರನ್ನು ಕೇಳಿದ ಮೇಲೆ ನಾನಾದರೆ ಒಂದು ಗಂಟೆಯೂ ಕಾಯುವುದಿಲ್ಲ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಲೇರಿಯಾ ಪರೀಕ್ಷೆ ಉಚಿತ. ಬೆರಳು ಚುಚ್ಚಿ ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲೆ ಲೇಪಿಸಿ ನೋಡುತ್ತಾರೆ. ಜ್ವರ ಇಳಿದಿದ್ದರೂ ಪರೀಕ್ಷೆ ಮಾಡಬಹುದು. "ನಡುಕ ಬಂದಾಗ ಬರುತ್ತೇವೆ" ಎಂದು ಕಾಯುವವರನ್ನು ದಿನವೂ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ.

ಕಷಾಯ ಕುಡಿದಿದ್ದಾರೆ ಎಂಬುದನ್ನು ವೈದ್ಯರಿಗೂ ಲ್ಯಾಬಿನವರಿಗೂ ತಪ್ಪದೆ ಹೇಳಿ. ಅರೆಬರೆ ಔಷಧ ಹೊಟ್ಟೆಗೆ ಹೋಗಿದ್ದರೆ ರಕ್ತದಲ್ಲಿ ಪರಾವಲಂಬಿಗಳ ಸಂಖ್ಯೆ ಇಳಿದು, ಮೊದಲ ಲೇಪನದಲ್ಲಿ ಕಣ್ಣು ತಪ್ಪಿಸಬಹುದು. ಆಗ ಮರುದಿನ ಮತ್ತೆ ನೋಡಬೇಕಾಗುತ್ತದೆ.

ನಾಟಿ ವೈದ್ಯರ ಮೊಮ್ಮಗ

ಪರೀಕ್ಷೆ ಮಾಡಿಸಲಿ, ಬೇಡವೆನ್ನುವುದಿಲ್ಲ. ಆದರೆ ಸೊಪ್ಪನ್ನು ಹೀಗೆ ಒಂದೇ ಏಟಿಗೆ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ನನ್ನ ಅಜ್ಜ ನಲವತ್ತು ವರ್ಷ ಮಲೆನಾಡಿನಲ್ಲಿ ಔಷಧ ಕೊಟ್ಟವರು. ಚಳಿಜ್ವರದಿಂದ ಹೊಟ್ಟೆಯಲ್ಲಿ ಜ್ವರಗಡ್ಡೆ ಕಟ್ಟಿದ ಮಕ್ಕಳನ್ನು ಅವರು ಕಂಡಿದ್ದರು. ಗಿಡದಲ್ಲಿ ನೂರಾರು ಅಂಶಗಳಿರುತ್ತವೆ, ಒಂದು ಇನ್ನೊಂದಕ್ಕೆ ಆಸರೆಯಾಗಿರುತ್ತದೆ. ಒಂದನ್ನೇ ಕಿತ್ತು ಮಾತ್ರೆ ಮಾಡಿದ್ದರಿಂದಲೇ ಈಗ ಮಲೇರಿಯಾ ಮದ್ದಿಗೆ ಬಗ್ಗುತ್ತಿಲ್ಲ ಎಂಬ ಅಭಿಪ್ರಾಯವೂ ಇದೆ. ಚೀನೀಯರು ಈ ಗಿಡವನ್ನು ಎರಡು ಸಾವಿರ ವರ್ಷಗಳಿಂದ ಬಳಸುತ್ತಿದ್ದಾರೆ. ಅಷ್ಟು ಕಾಲದ ಅನುಭವಕ್ಕೆ ಬೆಲೆ ಇಲ್ಲವೇ?

ಔಷಧ ಕಪಾಟು

ಬೆಲೆ ಇದೆ. ಆ ಅನುಭವ ನಿಜವಾಗಿ ಏನು ಹೇಳುತ್ತದೆ ಎಂಬುದನ್ನು ನೋಡೋಣ. ನಾನು ಫಾರ್ಮಸಿ ಓದಿ ಹದಿನೆಂಟು ವರ್ಷಗಳಿಂದ ಔಷಧ ಅಂಗಡಿ ನಡೆಸುತ್ತಿರುವವಳು. ಈ ಗಿಡದ ಕಥೆ ನನಗೆ ಎಷ್ಟು ಪ್ರಿಯವೋ ಅದರ ಕಷಾಯದ ಮೇಲಿನ ಕುರುಡು ನಂಬಿಕೆ ಅಷ್ಟೇ ಭಯ ಹುಟ್ಟಿಸುತ್ತದೆ.

ಮೊದಲು ಲೆಕ್ಕ. ಗಿಡದ ಸಸ್ಯಶಾಸ್ತ್ರೀಯ ಹೆಸರು ಆರ್ಟಿಮಿಸಿಯಾ ಆನುವಾ. ಮಲೇರಿಯಾ ಪರಾವಲಂಬಿಯನ್ನು ಕೊಲ್ಲುವ ಅಂಶ ಆರ್ಟಿಮಿಸಿನಿನ್. ಅದು ಎಲೆಯ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿರೋಮಗಳಲ್ಲಿರುತ್ತದೆ. ಒಳ್ಳೆಯ ತಳಿಯಲ್ಲಿ ಒಣ ಎಲೆಯ ತೂಕದ ಶೇ 1ರ ಆಸುಪಾಸು, ಕಾಡು ಗಿಡದಲ್ಲಿ ಅದರ ಹತ್ತನೇ ಒಂದು ಭಾಗವೂ ಇರಬಹುದು. ಆರ್ಟಿಮಿಸಿನಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 9 ಗ್ರಾಂ ಎಲೆಯಿಂದ ಮಾಡಿದ ಒಂದು ಲೀಟರ್ ಚಹಾದಲ್ಲಿ ಸಿಕ್ಕಿದ್ದು ಸುಮಾರು 94 ಮಿಲಿಗ್ರಾಂ, ಎಂದರೆ ದಿನಕ್ಕೆ ಬೇಕಾದುದರ ಐದನೇ ಒಂದು ಭಾಗ. ಅದೂ ಒಳ್ಳೆಯ ಎಲೆಯನ್ನು ಎಚ್ಚರದಿಂದ ತೂಗಿ ಮಾಡಿದ ಚಹಾ. ನಿಮ್ಮ ತಾಯಿ ಅರ್ಧ ಕಿಲೋ ಪೊಟ್ಟಣದಿಂದ ತೆಗೆದ ಒಂದು ಹಿಡಿಯಲ್ಲಿ ಕಡ್ಡಿ ಎಷ್ಟು, ಎಲೆ ಎಷ್ಟು, ಗಿಡ ಯಾವ ಊರಿನದು, ಹೂ ಬಿಡುವ ಮೊದಲು ಕೊಯ್ದದ್ದೋ ನಂತರವೋ, ಯಾರಿಗೆ ಗೊತ್ತು?

ಇನ್ನು ಪರಿಣಾಮ. ಆರ್ಟಿಮಿಸಿನಿನ್ ಅಣುವಿನಲ್ಲಿ ಎರಡು ಆಮ್ಲಜನಕ ಪರಮಾಣುಗಳ ಒಂದು ಸೇತುವೆ ಇದೆ. ಪರಾವಲಂಬಿ ನಮ್ಮ ಕೆಂಪು ರಕ್ತಕಣದ ಹಿಮೋಗ್ಲೋಬಿನ್ ಅನ್ನು ತಿಂದು ಅರಗಿಸುವಾಗ ಕಬ್ಬಿಣವಿರುವ ಹೀಮ್ ಹೊರಬರುತ್ತದೆ. ಆ ಕಬ್ಬಿಣ ತಗುಲಿದ ಕೂಡಲೇ ಸೇತುವೆ ಮುರಿದು, ಹುಟ್ಟಿದ ಉಗ್ರ ತುಣುಕುಗಳು ಪರಾವಲಂಬಿಯ ಪ್ರೋಟೀನುಗಳನ್ನು ಹಾಳುಗೆಡವುತ್ತವೆ. ತಾನು ತಿಂದ ಅನ್ನವೇ ಅದಕ್ಕೆ ವಿಷವಾಗುತ್ತದೆ. ಈ ವರ್ಗದ ಔಷಧಗಳು ಪರಾವಲಂಬಿಯ 48 ಗಂಟೆಗಳ ಒಂದು ಸುತ್ತಿನಲ್ಲಿ ಅವುಗಳ ಸಂಖ್ಯೆಯನ್ನು ಸುಮಾರು ಹತ್ತು ಸಾವಿರ ಪಟ್ಟು ತಗ್ಗಿಸುತ್ತವೆ. ಇಷ್ಟು ವೇಗದ ಮಲೇರಿಯಾ ಔಷಧ ಬೇರೆ ಇಲ್ಲ. ಆದರೆ ಕೆಲವೇ ಗಂಟೆಗಳಲ್ಲಿ ದೇಹದಿಂದ ಮಾಯವಾಗುತ್ತವೆ. ರಕ್ತದಲ್ಲಿ ಲಕ್ಷ ಕೋಟಿ ಪರಾವಲಂಬಿಗಳಿದ್ದರೆ, ಎರಡು ಸುತ್ತು ಹೊಡೆದ ಮೇಲೂ ಒಂದಿಷ್ಟು ಉಳಿದಿರುತ್ತವೆ. ಜ್ವರ ಬಿಡುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ, ಉಳಿದವು ಮತ್ತೆ ಬೆಳೆಯುತ್ತವೆ. ಅದಕ್ಕಾಗಿಯೇ ಇದರ ಜೊತೆ ದೇಹದಲ್ಲಿ ಬಹುಕಾಲ ನಿಲ್ಲುವ ಇನ್ನೊಂದು ಔಷಧವನ್ನು ಕೊಡುತ್ತಾರೆ. 2001ರಿಂದ ವಿಶ್ವ ಆರೋಗ್ಯ ಸಂಸ್ಥೆ ಜೋಡಿ ಚಿಕಿತ್ಸೆಯನ್ನೇ ಹೇಳುತ್ತಿದೆ. 2006ರಲ್ಲಿ ಆರ್ಟಿಮಿಸಿನಿನ್ ಒಂದನ್ನೇ ಮಾತ್ರೆಯಾಗಿ ಮಾರುವುದನ್ನು ನಿಲ್ಲಿಸಿ ಎಂದು ಕಂಪನಿಗಳಿಗೆ ಕರೆ ಕೊಟ್ಟಿತು. ಶುದ್ಧ ಮಾತ್ರೆಯನ್ನೇ ಒಂಟಿಯಾಗಿ ಕೊಡಬಾರದು ಎಂದಾದ ಮೇಲೆ ಅದರ ಐದನೇ ಒಂದು ಭಾಗವಿರುವ ಕಷಾಯವನ್ನು ಕೊಡಬಹುದೇ?

ನಾಟಿ ವೈದ್ಯರ ಮೊಮ್ಮಗ

ಲೆಕ್ಕ ಸರಿ ಇರಬಹುದು ಮೇಡಂ. ಆದರೆ ಹಳೆಯ ಚೀನೀ ವೈದ್ಯರು ಇದನ್ನು ಮಲೇರಿಯಾಕ್ಕೆ ಕೊಟ್ಟದ್ದು ಸುಳ್ಳಲ್ಲವಲ್ಲ. ಅವರು ಹೇಗೆ ಗುಣಪಡಿಸುತ್ತಿದ್ದರು?

ಇತಿಹಾಸದ ಮೇಷ್ಟರು

ಈ ಪ್ರಶ್ನೆಗೆ ನಾನು ಉತ್ತರಿಸಲು ಪ್ರಯತ್ನಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಮಾವಾಂಗ್‌ದುಯಿ ಸಮಾಧಿಯಲ್ಲಿ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕಿವೆ. ಅವುಗಳಲ್ಲಿ ಚಿಂಗ್‌ಹಾವ್ ಹೆಸರಿದೆ, ಆದರೆ ಅಲ್ಲಿ ಅದು ಮೂಲವ್ಯಾಧಿಗೆ ಹೇಳಿದ ಮದ್ದು. ಚಳಿಜ್ವರಕ್ಕೆ ಇದನ್ನು ಹೇಳಿದವನು ನಾಲ್ಕನೇ ಶತಮಾನದ ಗೆ ಹೋಂಗ್. ಅಂಗಿಯ ತೋಳಿನಲ್ಲಿ ಇಟ್ಟುಕೊಂಡು ಓಡಾಡಬಹುದಾದ ತುರ್ತು ಚಿಕಿತ್ಸೆಯ ಕೈಪಿಡಿಯೊಂದನ್ನು ಅವನು ಬರೆದ. ಅದರಲ್ಲಿರುವ ವಿಧಾನ ಇಷ್ಟೇ: ಒಂದು ಹಿಡಿ ಚಿಂಗ್‌ಹಾವ್ ತೆಗೆದುಕೊಳ್ಳಿ, ಎರಡು 'ಷಂಗ್' ನೀರಿನಲ್ಲಿ ನೆನೆಹಾಕಿ, ಹಿಂಡಿ ರಸ ತೆಗೆದು ಅಷ್ಟನ್ನೂ ಕುಡಿಯಿರಿ. ಎರಡು ಷಂಗ್ ಎಂದರೆ ಆ ಕಾಲದ ಅಳತೆಯಲ್ಲಿ ಸುಮಾರು 400 ಮಿಲಿಲೀಟರ್. ಗಮನಿಸಿ, ಕುದಿಸುವ ಮಾತೇ ಇಲ್ಲ. ಚೀನೀ ವೈದ್ಯದಲ್ಲಿ ಬಹುಪಾಲು ಮೂಲಿಕೆಗಳನ್ನು ಕುದಿಸಿಯೇ ಕೊಡುವುದು, ನಮ್ಮ ಕಷಾಯದಂತೆ. ಇದೊಂದನ್ನು ಅವನು ನೆನೆಸಿ ಹಿಂಡಲು ಹೇಳಿದ.

ಈಗ 1967ಕ್ಕೆ ಬನ್ನಿ. ವಿಯೆಟ್ನಾಂ ಯುದ್ಧದಲ್ಲಿ ಗುಂಡಿಗಿಂತ ಮಲೇರಿಯಾಕ್ಕೆ ಸೈನಿಕರು ಹೆಚ್ಚು ನೆಲಕಚ್ಚುತ್ತಿದ್ದರು, ಆಗಿನ ಮುಖ್ಯ ಮಲೇರಿಯಾ ಮದ್ದು ಕ್ಲೋರೋಕ್ವಿನ್ ಸೋಲುತ್ತಿತ್ತು. ಉತ್ತರ ವಿಯೆಟ್ನಾಂನ ನಾಯಕ ಹೋ ಚಿ ಮಿನ್ ಕೇಳಿದ ನೆರವಿಗೆ ಚೀನಾದ ನಾಯಕ ಮಾವೋ ಒಪ್ಪಿದರು. ಮೇ 23ರಂದು ಗುಪ್ತ ಯೋಜನೆ ಶುರುವಾಯಿತು. ಐದನೇ ತಿಂಗಳ ಇಪ್ಪತ್ಮೂರು, ಆದ್ದರಿಂದ ಅದರ ಹೆಸರು 523. ಬೀಜಿಂಗ್‌ನ ಸಾಂಪ್ರದಾಯಿಕ ವೈದ್ಯ ಅಕಾಡೆಮಿಯಲ್ಲಿ 1969ರ ಜನವರಿಯಲ್ಲಿ ತಂಡದ ಹೊಣೆ ಹೊತ್ತವರು ತು ಯೂಯೂ. 1930ರಲ್ಲಿ ನಿಂಗ್‌ಬೊ ನಗರದಲ್ಲಿ ಹುಟ್ಟಿದವರು. ಪ್ರಾಚೀನ ಚೀನೀ ಪದ್ಯವೊಂದರಲ್ಲಿ ಜಿಂಕೆಗಳು 'ಯೂಯೂ' ಎಂದು ಕೂಗುತ್ತಾ ಕಾಡಿನ 'ಹಾವ್' ಗಿಡವನ್ನು ಮೇಯುತ್ತವೆ. ಅವರ ಹೆಸರು ಬಂದದ್ದು ಆ ಪದ್ಯದಿಂದ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅದು ಸಾಂಸ್ಕೃತಿಕ ಕ್ರಾಂತಿಯ ಕಾಲ. ಪತಿಯನ್ನು ಹಳ್ಳಿಗೆ ಅಟ್ಟಿದ್ದರು. ನಾಲ್ಕು ವರ್ಷದ ಮಗಳನ್ನು ಶಿಶುವಿಹಾರದಲ್ಲಿ ಬಿಟ್ಟು ಇವರು ರೋಗಿಗಳನ್ನು ನೋಡಲು ಹೈನಾನ್ ದ್ವೀಪಕ್ಕೆ ಹೋದರು.

ತಂಡ ಎರಡು ಸಾವಿರದಷ್ಟು ಮದ್ದಿನ ವಿಧಾನಗಳನ್ನು ಕಲೆಹಾಕಿತು. ಸುಮಾರು 200 ಗಿಡಗಳಿಂದ 380ರಷ್ಟು ಸಾರಗಳನ್ನು ತೆಗೆದು ಇಲಿಗಳ ಮೇಲೆ ನೋಡಿತು. ಚಿಂಗ್‌ಹಾವ್ ಮೊದಲು ಆಸೆ ಹುಟ್ಟಿಸಿ ಮರುಪ್ರಯೋಗದಲ್ಲಿ ಕೈಕೊಟ್ಟಿತು. ಆಗ ತು ಯೂಯೂ ಹಳೆಯ ಪುಸ್ತಕಕ್ಕೆ ಮರಳಿ ಗೆ ಹೋಂಗ್‌ನ ಆ ಒಂದು ಸಾಲಿನ ಮುಂದೆ ನಿಂತರು. ಏಕೆ ಕುದಿಸಲಿಲ್ಲ? ಬಿಸಿ ಇದನ್ನು ಕೆಡಿಸುತ್ತಿರಬಹುದೇ? ಸುಮಾರು 35 ಡಿಗ್ರಿಯಲ್ಲೇ ಕುದಿಯುವ ಈಥರ್ ಬಳಸಿ ಎಲೆಯಿಂದ ಸಾರ ತೆಗೆದು, ಅದರ ಆಮ್ಲೀಯ ಭಾಗವನ್ನು ತೆಗೆದುಹಾಕಿದರು. 1971ರ ಅಕ್ಟೋಬರ್ 4ರಂದು 191ನೇ ಮಾದರಿ ಇಲಿಗಳಲ್ಲಿ ನೂರಕ್ಕೆ ನೂರು ಫಲ ಕೊಟ್ಟಿತು. ಸಲಕರಣೆ ಸಾಲದೆ ಮನೆಬಳಕೆಯ ನೀರಿನ ಹಂಡೆಗಳಲ್ಲಿ ಈಥರ್ ಹಾಕಿ ಸಾರ ತೆಗೆದರು, ಅದರ ಹಬೆ ಕುಡಿದು ಕೆಲಸಗಾರರ ಆರೋಗ್ಯ ಕೆಟ್ಟಿತು. 1972ರಲ್ಲಿ ರೋಗಿಗಳಿಗೆ ಕೊಡುವ ಮೊದಲು ತು ಯೂಯೂ ಮತ್ತು ಸಹೋದ್ಯೋಗಿಗಳು ತಾವೇ ನುಂಗಿ ನೋಡಿದರು. ಆಮೇಲೆ ಹೈನಾನ್‌ನ 21 ರೋಗಿಗಳಿಗೆ. ಅದೇ ನವೆಂಬರ್‌ನಲ್ಲಿ ಶುದ್ಧ ಹರಳು ಕೈಗೆ ಬಂತು.

ಹಾಗಾಗಿ ಮೊಮ್ಮಗ ಅವರೇ, ಹಳೆಯ ವೈದ್ಯರು ಹೇಳಿದ್ದನ್ನು ಅಕ್ಷರ ಅಕ್ಷರವಾಗಿ ಓದಿದವರೇ ತು ಯೂಯೂ. ಪರಂಪರೆಗೆ ಇದಕ್ಕಿಂತ ದೊಡ್ಡ ಗೌರವ ಯಾವುದಿದೆ? ಅಜ್ಜಿಯರ ಕಷಾಯದ ಕ್ರಮವನ್ನು ಈ ಗಿಡಕ್ಕೆ ತಂದು ಅರ್ಧ ಗಂಟೆ ಕುದಿಸಿದರೆ ನಾವು ಗೆ ಹೋಂಗ್‌ನ ಮಾತನ್ನೂ ಕೇಳಿದಂತಾಗಲಿಲ್ಲ, ತು ಯೂಯೂ ಮಾತನ್ನೂ ಕೇಳಿದಂತಾಗಲಿಲ್ಲ.

ಔಷಧ ಕಪಾಟು

ಮೇಷ್ಟ್ರೇ, ಓದಿ ಕಣ್ಣು ತೇವವಾಯಿತು. ಒಂದು ಸಣ್ಣ ತಿದ್ದುಪಡಿ ಸೇರಿಸುತ್ತೇನೆ. ಶುದ್ಧ ಆರ್ಟಿಮಿಸಿನಿನ್ ಹರಳು 150 ಡಿಗ್ರಿಗೂ ಮೇಲೆ ಕರಗುವಂಥದ್ದು, ಅಷ್ಟು ಸೂಕ್ಷ್ಮವೇನಲ್ಲ. ಆದ್ದರಿಂದ "ಬಿಸಿ ಕೆಡಿಸುತ್ತದೆ" ಎಂಬುದು ಕಥೆಯ ಅರ್ಧ ಭಾಗ. ನೀರಿಗೆ ಅದು ಇಳಿಯುವುದೇ ಕಷ್ಟ ಎಂಬುದು ಉಳಿದ ಅರ್ಧ. ಹಸಿ ಗಿಡವನ್ನು ಜಜ್ಜಿ ಹಿಂಡಿದಾಗ ಗಿಡದ ಎಣ್ಣೆಯ ಅಂಶಗಳ ಜೊತೆ ಸೇರಿ ಹೆಚ್ಚು ಹೊರಬರುತ್ತದೆ. ಹಳೆಯ ವಿಧಾನವನ್ನು ಮತ್ತೆ ಮಾಡಿ ನೋಡಿದ ಪ್ರಯೋಗದಲ್ಲಿ ಹಾಗೆ ಹಿಂಡಿದ ರಸದಲ್ಲಿ ಚಹಾಕ್ಕಿಂತ ಹಲವು ಪಟ್ಟು ಆರ್ಟಿಮಿಸಿನಿನ್ ಸಿಕ್ಕಿದೆ. ನಮ್ಮ ಕೈಯಲ್ಲಿರುವುದು ಹಸಿ ಗಿಡವಲ್ಲ, ಒಣ ಸೊಪ್ಪು.

ಇನ್ನೊಂದು ಘಟನೆ ನನಗೆ ಬಹಳ ಇಷ್ಟ. 1973ರಲ್ಲಿ ಶುದ್ಧ ಹರಳಿನಿಂದ ಮಾತ್ರೆ ಮಾಡಿ ಹೈನಾನ್‌ಗೆ ಕಳುಹಿಸಿದಾಗ ಫಲ ಕಾಣಲಿಲ್ಲ. ಪರೀಕ್ಷಿಸಿದರೆ ಮಾತ್ರೆ ಕಲ್ಲಿನಂತೆ ಗಟ್ಟಿಯಾಗಿ ಹೊಟ್ಟೆಯಲ್ಲಿ ಒಡೆಯುತ್ತಲೇ ಇರಲಿಲ್ಲ. ಅದೇ ಪುಡಿಯನ್ನು ಕ್ಯಾಪ್ಸೂಲ್‌ನಲ್ಲಿ ತುಂಬಿ ಕೊಟ್ಟಾಗ ಕೆಲಸ ಮಾಡಿತು. ಶುದ್ಧ ಔಷಧಕ್ಕೇ ಈ ಪಾಡಾದರೆ ಸೊಪ್ಪಿನ ಗತಿ ಏನು?

ಕುನ್ಮಿಂಗ್‌ನಲ್ಲಿ ಓದಿದವ

ನಾನು ಯುನ್ನಾನ್ ಪ್ರಾಂತ್ಯದ ಕುನ್ಮಿಂಗ್‌ನಲ್ಲಿ ಎಂಬಿಬಿಎಸ್ ಓದಿದ ಹಾಸನದವನು. ಚೀನಾದಲ್ಲಿ ಈಗ ಚಿಂಗ್‌ಹಾವ್ ಹೇಗೆ ಬಳಕೆಯಲ್ಲಿದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಸಾಂಪ್ರದಾಯಿಕ ವೈದ್ಯ ವಿಭಾಗದಲ್ಲಿ ಅದನ್ನು ಕಹಿ, ಕಟು, ಶೀತ ಗುಣದ ಮೂಲಿಕೆ ಎಂದು ವರ್ಗೀಕರಿಸುತ್ತಾರೆ. ಯಕೃತ್ತು ಮತ್ತು ಪಿತ್ತಕೋಶದ ಮಾರ್ಗಕ್ಕೆ ಸೇರಿದ್ದು ಎನ್ನುತ್ತಾರೆ. ದೀರ್ಘ ಕಾಯಿಲೆಯ ಬಳಿಕ ರಾತ್ರಿ ಮಾತ್ರ ಮೈ ಬಿಸಿಯಾಗಿ ಬೆಳಗಾಗುವಾಗ ತಣ್ಣಗಾಗುವವರಿಗೆ, ಬೇಸಗೆಯ ತಾಪದ ಜ್ವರಕ್ಕೆ, ಕಾಮಾಲೆಗೆ ಇತರ ಮೂಲಿಕೆಗಳೊಂದಿಗೆ ಬರೆಯುತ್ತಾರೆ. ಆಮೆಯ ಚಿಪ್ಪಿನ ಜೊತೆ ಇದನ್ನು ಸೇರಿಸಿ ಮಾಡುವ ಪ್ರಸಿದ್ಧ ಕಷಾಯವೊಂದು ಹದಿನೆಂಟನೇ ಶತಮಾನದ ಕೊನೆಯಿಂದ ಬಳಕೆಯಲ್ಲಿದೆ. ಅಲ್ಲಿಯೂ ಚೀಟಿಯಲ್ಲಿ 'ಹೌಶ್ಯಾ' ಎಂದು ಬರೆಯುವುದುಂಟು. ಉಳಿದೆಲ್ಲ ಕುದಿದ ಮೇಲೆ, ಕೊನೆಯ ಕೆಲವು ನಿಮಿಷಗಳಲ್ಲಿ ಹಾಕಿ ಎಂದು ಅರ್ಥ. ಇದರ ಪರಿಮಳದ ಎಣ್ಣೆ ಹಾರಿಹೋಗುತ್ತದೆ ಎಂಬುದು ಕಾರಣ. ನಿಮಗೆ ಸೊಪ್ಪು ಕೊಟ್ಟ ಅಂಗಡಿಯವರು ಈ ಮಾತು ಹೇಳಲಿಲ್ಲವೇ?

ಆದರೆ ಮಲೇರಿಯಾ ರೋಗಿ ಬಂದರೆ? ಮ್ಯಾನ್ಮಾರ್ ಗಡಿ ದಾಟಿ ಬಂದವರಲ್ಲಿ ಪತ್ತೆಯಾಗುತ್ತಿತ್ತು. ಅವರಿಗೆ ಸೊಪ್ಪಿನ ಕಷಾಯ ಕೊಟ್ಟದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ರಕ್ತ ಪರೀಕ್ಷೆ, ಜೋಡಿ ಮಾತ್ರೆ, ಸ್ಥಿತಿ ಗಂಭೀರವಾಗಿದ್ದರೆ ಆರ್ಟಿಮಿಸಿನಿನ್‌ನಿಂದಲೇ ತಯಾರಿಸುವ ಆರ್ಟಿಸುನೇಟ್ ಚುಚ್ಚುಮದ್ದು. ಜೊತೆಗೆ ಅಲ್ಲಿನ ಸಾರ್ವಜನಿಕ ಆರೋಗ್ಯದವರ ಶಿಸ್ತು: ಒಂದು ದಿನದೊಳಗೆ ವರದಿ, ಮೂರು ದಿನಗಳೊಳಗೆ ತನಿಖೆ, ಏಳು ದಿನಗಳೊಳಗೆ ಆ ಜಾಗದಲ್ಲಿ ಕ್ರಮ. 1940ರ ದಶಕದಲ್ಲಿ ವರ್ಷಕ್ಕೆ ಮೂರು ಕೋಟಿ ಮಲೇರಿಯಾ ಪ್ರಕರಣಗಳಿದ್ದ ದೇಶವನ್ನು 2021ರ ಜೂನ್ 30ರಂದು ಮಲೇರಿಯಾಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಆರ್ಟಿಸುನೇಟ್ ಚುಚ್ಚುಮದ್ದಿನ ಬಗ್ಗೆ ಒಂದು ಮಾತು. 2005ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಭಾರತ, ಬಾಂಗ್ಲಾದೇಶ, ಮ್ಯಾನ್ಮಾರ್, ಇಂಡೊನೇಷ್ಯಾದ ತೀವ್ರ ಮಲೇರಿಯಾ ರೋಗಿಗಳಿದ್ದರು. ಹಳೆಯ ಮಲೇರಿಯಾ ಮದ್ದಾದ ಕ್ವಿನೈನ್ ಪಡೆದವರಲ್ಲಿ ಶೇ 22 ಮಂದಿ ಸತ್ತರೆ ಆರ್ಟಿಸುನೇಟ್ ಪಡೆದವರಲ್ಲಿ ಶೇ 15. ನೂರು ಮಂದಿಯಲ್ಲಿ ಏಳು ಜೀವ. ಈ ಗಿಡದ ನಿಜವಾದ ಔಷಧಗುಣ ಎಂದರೆ ನನಗೆ ಅದೇ.

ದವನದ ಹೊಲ

ಈ ಚರ್ಚೆಯನ್ನು ಬೆಳಿಗ್ಗೆಯಿಂದ ಓದುತ್ತಿದ್ದೇನೆ. ನಾನು ಕೋಲಾರದ ಕಡೆಯ ರೈತ. ನಾವು ಹಾರಕ್ಕೆ, ದೇವರಿಗೆ ಬಳಸುವ ದವನ ಇದೇ ಕುಲದ್ದು, ಆರ್ಟಿಮಿಸಿಯಾ ಪ್ಯಾಲೆನ್ಸ್. ಮಾಚಿಪತ್ರೆಯೂ ಇವರ ಬಳಗವೇ. ಹಾಗೆಂದು ಯಾರೂ ದವನದ ಕಷಾಯ ಮಾಡಿ ಮಲೇರಿಯಾಕ್ಕೆ ಕುಡಿಯಬೇಡಿ. ದವನವನ್ನು ನಾವು ಬೆಳೆಯುವುದು ಪರಿಮಳದ ಎಣ್ಣೆಗಾಗಿ, ಅದರ ಮುಖ್ಯ ಅಂಶದ ಹೆಸರೇ ದವನೋನ್.

ಚೀನಾದ ಗಿಡವನ್ನೂ ನಮ್ಮ ದೇಶದಲ್ಲಿ ಬೆಳೆದಿದ್ದಾರೆ. ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ 'ಜೀವನ ರಕ್ಷಾ', 'ಸಿಮ್ ಆರೋಗ್ಯ' ಎಂಬ ತಳಿಗಳನ್ನು ಬಿಡುಗಡೆ ಮಾಡಿದೆ. ಆ ಸಂಸ್ಥೆಯ ಒಂದು ಕೇಂದ್ರ ಬೆಂಗಳೂರಿನಲ್ಲಿಯೂ ಇದೆ. ನಾನು ಕುತೂಹಲಕ್ಕೆ ಕೆಲವು ಸಾಲು ಹಾಕಿದ್ದೆ. ಆಳೆತ್ತರ ಬೆಳೆಯುತ್ತದೆ, ಕ್ಯಾರೆಟ್ ಸೊಪ್ಪಿನಂಥ ಸೀಳು ಎಲೆ, ಕೈಯಲ್ಲಿ ಉಜ್ಜಿದರೆ ಕರ್ಪೂರದ ವಾಸನೆ. ಹೂ ಬಿಡುವ ಮುನ್ನವೇ ಕೊಯ್ದು ನೆರಳಲ್ಲಿ ಒಣಗಿಸಬೇಕು, ಎಲೆ ಉದುರಿಸಿ ಕಡ್ಡಿ ಬೇರೆ ಮಾಡಬೇಕು. ಕೊಳ್ಳುವವರು ತೂಕಕ್ಕಲ್ಲ, ಪರೀಕ್ಷೆಯಲ್ಲಿ ಬಂದ ಆರ್ಟಿಮಿಸಿನಿನ್ ಪ್ರಮಾಣಕ್ಕೆ ಬೆಲೆ ಕಟ್ಟುತ್ತಾರೆ. ಒಂದೇ ಹೊಲದ ಎರಡು ಸಾಲಿನ ಗಿಡಗಳಲ್ಲಿ ವ್ಯತ್ಯಾಸ ಬರುತ್ತದೆ. ಆದ್ದರಿಂದ "ಒಂದು ಹಿಡಿ" ಎಂಬ ಅಳತೆಯನ್ನು ಬೆಳೆದವನಾದ ನಾನೇ ನಂಬುವುದಿಲ್ಲ.

ಇನ್ನೊಂದು ಎಚ್ಚರಿಕೆ. ಎಲೆ ಉದುರಿಸಿದ ದಿನ ನನ್ನ ಮುಂಗೈ, ಕುತ್ತಿಗೆ ಕೆಂಪಾಗಿ ತುರಿಕೆ ಎದ್ದಿತು. ನನಗೆ ಮೊದಲೇ ಕಾಂಗ್ರೆಸ್ ಗಿಡ ಆಗುವುದಿಲ್ಲ. ಚರ್ಮದ ವೈದ್ಯರು ಎರಡೂ ಒಂದೇ ಕುಟುಂಬದ ಗಿಡಗಳು, ಎರಡರಲ್ಲೂ ಅದೇ ಬಗೆಯ ರಾಸಾಯನಿಕ ಇದೆ ಎಂದರು.

ಔಷಧ ಕಪಾಟು

ನಿಮ್ಮ ವೈದ್ಯರು ಹೇಳಿದ್ದು ಸರಿ. ಎರಡೂ ಸೇವಂತಿಗೆಯ ಕುಟುಂಬ, ಎರಡರಲ್ಲೂ ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್‌ಗಳಿವೆ. ಉತ್ತರ ಚೀನಾದಲ್ಲಿ ಶರತ್ಕಾಲದ ಮೂಗು ಸೋರುವಿಕೆ, ಉಬ್ಬಸಕ್ಕೆ ಚಿಂಗ್‌ಹಾವ್ ಗಿಡದ ಪರಾಗ ದೊಡ್ಡ ಕಾರಣ.

ಹೊಸ ಸದಸ್ಯೆ

ಚರ್ಚೆಯ ನಡುವೆ ಬರುತ್ತಿರುವುದಕ್ಕೆ ಕ್ಷಮಿಸಿ. ನನಗೆ ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಇದೆ. ಆರ್ಟಿಮಿಸಿನಿನ್‌ನಿಂದ ಅದು ಗುಣವಾಗುತ್ತದೆ ಎಂಬ ವಿಡಿಯೊ ನೋಡಿ ಅಂತರ್ಜಾಲದಲ್ಲಿ ಕ್ಯಾಪ್ಸೂಲ್ ತರಿಸಿದ್ದೇನೆ. ಇನ್ನೂ ತೆಗೆದುಕೊಂಡಿಲ್ಲ. ಕ್ಯಾನ್ಸರಿಗೂ ಒಳ್ಳೆಯದು ಎಂದು ಆ ಡಬ್ಬಿಯ ಮೇಲಿದೆ.

ಔಷಧ ಕಪಾಟು

ತೆಗೆದುಕೊಳ್ಳುವ ಮೊದಲೇ ಕೇಳಿದಿರಲ್ಲ, ಬಹಳ ಒಳ್ಳೆಯದಾಯಿತು ತಂಗಿ. ಆ ಸುದ್ದಿಗೆ ಮೂಲವಿದೆ. 2024ರಲ್ಲಿ ಶಾಂಘೈನ ಫುಡಾನ್ ವಿಶ್ವವಿದ್ಯಾಲಯದ ತಂಡ ಅಂಡಾಶಯದಲ್ಲಿ ಪುರುಷ ಹಾರ್ಮೋನಿನ ಉತ್ಪಾದನೆಯನ್ನು ಆರ್ಟಿಮಿಸಿನಿನ್ ವರ್ಗದ ಔಷಧ ತಗ್ಗಿಸುವುದನ್ನು ತೋರಿಸಿತು. ಮನುಷ್ಯರಲ್ಲಿ ನೋಡಿದ್ದು 19 ಮಹಿಳೆಯರಲ್ಲಿ ಮಾತ್ರ, 12 ವಾರ, ವೈದ್ಯರ ನಿಗಾದಲ್ಲಿ. ಹತ್ತೊಂಬತ್ತು ಜನರ ಫಲಿತಾಂಶ ಮುಂದಿನ ದೊಡ್ಡ ಪರೀಕ್ಷೆಗೆ ಬಾಗಿಲು ತೆರೆಯುತ್ತದೆ, ನಿಮ್ಮ ಡಬ್ಬಿಯ ಮುಚ್ಚಳವನ್ನಲ್ಲ. ಕ್ಯಾನ್ಸರಿನ ಮಾತು ಬಹುಪಾಲು ಪ್ರಯೋಗಾಲಯದ ಜೀವಕೋಶಗಳಿಗೆ ಸಂಬಂಧಿಸಿದ್ದು.

ಈ ಕ್ಯಾಪ್ಸೂಲ್‌ಗಳು ನಿರಪಾಯವೂ ಅಲ್ಲ. ಅಮೆರಿಕದಲ್ಲಿ 2008ರಲ್ಲಿ ಆರ್ಟಿಮಿಸಿನಿನ್ ಇದ್ದ ಮೂಲಿಕೆಯ ಪೂರಕ ತೆಗೆದುಕೊಂಡವರೊಬ್ಬರಿಗೆ ಯಕೃತ್ತಿನ ಉರಿಯೂತ ಬಂದದ್ದು ದಾಖಲಾಗಿದೆ. ಇನ್ನೊಂದು, ದಿನವೂ ತೆಗೆದುಕೊಂಡರೆ ಯಕೃತ್ತಿನ ಕಿಣ್ವಗಳು ಚುರುಕಾಗಿ ಆರ್ಟಿಮಿಸಿನಿನ್ ಅನ್ನು ಬೇಗ ಬೇಗ ಒಡೆಯತೊಡಗುತ್ತವೆ. ಅದರೊಂದಿಗೆ ನೀವು ತೆಗೆದುಕೊಳ್ಳುವ ಬೇರೆ ಔಷಧಗಳ ಮಟ್ಟವೂ ಏರುಪೇರಾಗಬಹುದು. ಗರ್ಭ ಧರಿಸುವ ಯೋಚನೆ ಇದ್ದರಂತೂ ದಯವಿಟ್ಟು ಮುಟ್ಟಬೇಡಿ. ಪ್ರಾಣಿಗಳಲ್ಲಿ ಈ ವರ್ಗದ ಔಷಧಗಳು ಭ್ರೂಣಕ್ಕೆ ಹಾನಿ ಮಾಡಿವೆ. ಮಲೇರಿಯಾ ಬಂದ ಗರ್ಭಿಣಿಗೆ ವೈದ್ಯರು ಇದೇ ವರ್ಗದ ಆರ್ಟಿಮೀಥರ್ ಇರುವ ಜೋಡಿ ಔಷಧ ಕೊಡುವುದು ಬೇರೆ ವಿಷಯ. ಅಲ್ಲಿ ಮಲೇರಿಯಾದ ಅಪಾಯವೇ ದೊಡ್ಡದು.

ಗುವಾಂಗ್‌ಜೌ ನಿವಾಸಿ

ನಿಮ್ಮೆಲ್ಲರಿಗೆ ಹೇಗೆ ಕೃತಜ್ಞತೆ ಹೇಳಲಿ ತಿಳಿಯುತ್ತಿಲ್ಲ. ಮೊದಲ ಉತ್ತರ ಓದಿದ ರಾತ್ರಿಯೇ ತಮ್ಮನಿಗೆ ಫೋನ್ ಮಾಡಿದೆ. ಬೆಳಿಗ್ಗೆ ಅಪ್ಪನನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದ. ಮೊದಲ ಲೇಪನದಲ್ಲಿ ಏನೂ ಕಾಣಲಿಲ್ಲ. ಕಷಾಯದ ವಿಷಯ ಹೇಳಿದ್ದರಿಂದ ಮರುದಿನ ಮತ್ತೆ ಬರಲು ಹೇಳಿದರು. ಎರಡನೆಯದರಲ್ಲಿ ವೈವಾಕ್ಸ್ ಮಲೇರಿಯಾ ಎಂದು ಬಂತು.

ಕಳೆದ ವರ್ಷದ್ದೂ ವೈವಾಕ್ಸ್ ಅಂತೆ. ವೈದ್ಯರು ಆಗಿನ ಮಾತ್ರೆಗಳ ಬಗ್ಗೆ ಕೇಳಿದಾಗ ಅಪ್ಪ ಒಪ್ಪಿಕೊಂಡರು: ಹದಿನಾಲ್ಕು ದಿನದ ಮಾತ್ರೆಯನ್ನು ಐದನೆಯ ದಿನ ನಿಲ್ಲಿಸಿದ್ದರಂತೆ. ಜ್ವರ ಬಿಟ್ಟಿತ್ತು, ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು, ಉಳಿದ ಮಾತ್ರೆ ದೇವರ ಕೋಣೆಯ ಕಪಾಟಿನಲ್ಲಿ ಹಾಗೆಯೇ ಇದೆ. ನನಗೆ ಈ ವಿಷಯವೇ ಗೊತ್ತಿರಲಿಲ್ಲ. ನಾನು ಇಲ್ಲಿಂದ ಸೊಪ್ಪು ಕಳುಹಿಸಿ ಅಪ್ಪನಿಗೆ ಏನೋ ದೊಡ್ಡ ಉಪಕಾರ ಮಾಡಿದೆ ಎಂದುಕೊಂಡಿದ್ದೆ.

ಉಡುಪಿಯ ಲ್ಯಾಬ್ ತಂತ್ರಜ್ಞೆ

ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ದೂರದಲ್ಲಿರುವ ಮಕ್ಕಳಿಗೆ ಕೈಲಾಗುವುದು ಕಳುಹಿಸುವುದು ತಾನೇ. ಆದರೆ ಈಗ ಎಲ್ಲ ಸ್ಪಷ್ಟವಾಯಿತು. ವೈವಾಕ್ಸ್ ಪರಾವಲಂಬಿ ರಕ್ತದಲ್ಲಿರುವುದಲ್ಲದೆ ಯಕೃತ್ತಿನಲ್ಲಿ ನಿದ್ರಿಸುವ ರೂಪದಲ್ಲಿಯೂ ಅಡಗಿರುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎದ್ದು ರಕ್ತಕ್ಕೆ ಇಳಿಯುತ್ತದೆ, ಹೊಸದಾಗಿ ಸೊಳ್ಳೆ ಕಚ್ಚಬೇಕೆಂದೇ ಇಲ್ಲ. ಕ್ಲೋರೋಕ್ವಿನ್ ಮೂರು ದಿನ ಕೊಡುವುದು ರಕ್ತದಲ್ಲಿರುವವಕ್ಕೆ. ಪ್ರೈಮಾಕ್ವಿನ್ ಹದಿನಾಲ್ಕು ದಿನ ಕೊಡುವುದು ಮಲಗಿರುವವಕ್ಕೆ. ನಮ್ಮ ಕರಾವಳಿಯಲ್ಲಿ ಬರುವುದು ಹೆಚ್ಚಾಗಿ ವೈವಾಕ್ಸ್, ಬಿಡುವುದು ಹೆಚ್ಚಾಗಿ ಈ ಹದಿನಾಲ್ಕು ದಿನದ ಮಾತ್ರೆ.

ನಾಟಿ ವೈದ್ಯರ ಮೊಮ್ಮಗ

ಒಂದು ಪ್ರಶ್ನೆ, ವಾದಕ್ಕಾಗಿ ಅಲ್ಲ, ತಿಳಿಯಲು. ಯಕೃತ್ತಿನಲ್ಲಿ ಮಲಗಿರುವ ಆ ರೂಪವನ್ನು ಆರ್ಟಿಮಿಸಿನಿನ್ ಕೊಲ್ಲುತ್ತದೆಯೇ?

ಔಷಧ ಕಪಾಟು

ಇಲ್ಲ. ಅದರ ಕೆಲಸಕ್ಕೆ ಹೀಮ್‌ನ ಕಬ್ಬಿಣ ಬೇಕು ಎಂದೆನಲ್ಲ. ಮಲಗಿರುವ ಪರಾವಲಂಬಿ ಹಿಮೋಗ್ಲೋಬಿನ್ ತಿನ್ನುತ್ತಿರುವುದಿಲ್ಲ. ಸೊಪ್ಪಾಗಲಿ, ಮಾತ್ರೆಯಾಗಲಿ, ಚುಚ್ಚುಮದ್ದಾಗಲಿ ಅದನ್ನು ಮುಟ್ಟುವುದಿಲ್ಲ.

ನಾಟಿ ವೈದ್ಯರ ಮೊಮ್ಮಗ

ಹಾಗಾದರೆ ನಾನು ಮೊದಲು ಬರೆದದ್ದನ್ನು ಈ ಸಂದರ್ಭದ ಮಟ್ಟಿಗೆ ಹಿಂದಕ್ಕೆ ಪಡೆಯುತ್ತೇನೆ. ಇವರ ತಂದೆಗೆ ಕಷಾಯ ಎಷ್ಟೇ ಸರಿಯಾಗಿ ಮಾಡಿದ್ದರೂ ಜ್ವರ ಮರಳುತ್ತಿತ್ತು. ಅಜ್ಜ ಹೇಳುತ್ತಿದ್ದ ಮಾತು ನೆನಪಾಗುತ್ತಿದೆ: ನಾಡಿ ನೋಡದೆ ಮದ್ದು ಅರೆಯಬೇಡ ಎನ್ನುತ್ತಿದ್ದರು. ಇಂದು ರಕ್ತದ ಲೇಪನವೇ ನಾಡಿ ಎಂದು ಅವರಿದ್ದಿದ್ದರೆ ಒಪ್ಪುತ್ತಿದ್ದರೇನೋ.

ಆದರೆ ಪ್ರತಿರೋಧದ, ಎಂದರೆ ಮಲೇರಿಯಾ ಮದ್ದಿಗೆ ಬಗ್ಗದಿರುವುದರ, ವಿಷಯದಲ್ಲಿ ನನ್ನ ಸಂಶಯ ಉಳಿದಿದೆ. ಇಡೀ ಗಿಡದಿಂದ ಅದು ತಡವಾಗಿ ಬರುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದಾರೆ ಎಂದು ಓದಿದ್ದೇನೆ.

ಕುನ್ಮಿಂಗ್‌ನಲ್ಲಿ ಓದಿದವ

ಇಲಿಗಳಲ್ಲಿ ಅಂಥ ಕೆಲಸ ನಡೆದಿರುವುದು ನಿಜ, ಅದು ಓದಬೇಕಾದದ್ದೇ. ಮನುಷ್ಯರ ವಿಷಯ ಬೇರೆ. ಪಶ್ಚಿಮ ಕಾಂಬೋಡಿಯಾದಲ್ಲಿ ಆರ್ಟಿಮಿಸಿನಿನ್‌ಗೆ ಫಾಲ್ಸಿಪಾರಂ ಎಂಬ ಮಾರಕ ಬಗೆಯ ಮಲೇರಿಯಾ ಪರಾವಲಂಬಿ ನಿಧಾನವಾಗಿ ಸಾಯತೊಡಗಿದ್ದು 2008-09ರ ಹೊತ್ತಿಗೆ ಖಚಿತವಾಯಿತು. ಅದಕ್ಕೂ ಮೊದಲು ಆ ಪ್ರದೇಶದಲ್ಲಿ ವರ್ಷಗಟ್ಟಲೆ ಒಂಟಿ ಮಾತ್ರೆ, ಕಡಿಮೆ ಪ್ರಮಾಣ, ನಕಲಿ ಔಷಧ ಓಡಾಡಿದ್ದವು. ಅರೆಹೊಟ್ಟೆ ಔಷಧದಲ್ಲಿ ಬದುಕುಳಿದ ಪರಾವಲಂಬಿಯೇ ಮುಂದಿನ ಪೀಳಿಗೆಯ ತಾಯಿ. ಈಗ ರುವಾಂಡಾ, ಉಗಾಂಡಾದಲ್ಲಿಯೂ ಅಂಥ ರೂಪಾಂತರಗಳು ತಾವಾಗಿಯೇ ಹುಟ್ಟಿವೆ. ಮಲೇರಿಯಾದಿಂದ ಸಾಯುವವರಲ್ಲಿ ಬಹುಪಾಲು ಆಫ್ರಿಕಾದ ಪುಟ್ಟ ಮಕ್ಕಳು, ಅವರಿಗೆ ಈ ಔಷಧದ ಬದಲಿಗೆ ಕೈಗೆ ಸಿಗುವಂಥದ್ದು ಹೆಚ್ಚೇನಿಲ್ಲ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ಈ ಗಿಡದ ಚಹಾ, ಪುಡಿಯನ್ನು ಮಲೇರಿಯಾಕ್ಕೆ ಬಳಸಬೇಡಿ ಎನ್ನುತ್ತಿದೆ. ನಿಮ್ಮ ಗಿಡದ ಮೇಲಿನ ಪ್ರೀತಿ ನನಗೂ ಇದೆ. ಈ ಔಷಧ ಇನ್ನೂ ಐವತ್ತು ವರ್ಷ ಕೆಲಸ ಮಾಡಬೇಕೆಂಬ ಆಸೆಯಿಂದಲೇ ಹೇಳುತ್ತಿದ್ದೇನೆ.

ಇತಿಹಾಸದ ಮೇಷ್ಟರು

ಒಂದು ವಿಷಯ ನನ್ನ ಬರಹದಲ್ಲಿ ಬಿಟ್ಟುಹೋಗಿತ್ತು, ನ್ಯಾಯಕ್ಕಾಗಿ ಸೇರಿಸುತ್ತೇನೆ. 523ರಲ್ಲಿ ನೂರಾರು ಜನ ದುಡಿದರು. ಯುನ್ನಾನ್ ಮತ್ತು ಶಾಂಡಾಂಗ್ ತಂಡಗಳು ಬೇರೆಯಾಗಿ ಹರಳು ತೆಗೆದವು. ಗುವಾಂಗ್‌ಜೌನ ವೈದ್ಯ ಲಿ ಗುವೊಚಿಯಾವ್ 1974ರಲ್ಲಿ ಯುನ್ನಾನ್‌ನಲ್ಲಿ ತೀವ್ರ ಫಾಲ್ಸಿಪಾರಂ ರೋಗಿಗಳ ಮೇಲೆ ಇದರ ಶಕ್ತಿಯನ್ನು ತೋರಿಸಿದರು. 1977ರಲ್ಲಿ ಅಣುರಚನೆ ಮೊದಲು ಪ್ರಕಟವಾದಾಗ ಲೇಖಕರ ಜಾಗದಲ್ಲಿ ಒಬ್ಬರ ಹೆಸರೂ ಇರಲಿಲ್ಲ, ಸಂಶೋಧನಾ ಗುಂಪಿನ ಹೆಸರಷ್ಟೇ ಇತ್ತು. 2015ರಲ್ಲಿ ನೊಬೆಲ್ ಬಂದಾಗ ತು ಯೂಯೂ ಅವರಿಗೆ 84 ವರ್ಷ. ಡಾಕ್ಟರೇಟ್ ಇಲ್ಲ, ವಿದೇಶದಲ್ಲಿ ಓದಿಲ್ಲ, ವಿಜ್ಞಾನ ಅಕಾಡೆಮಿಯ ಸದಸ್ಯತ್ವವೂ ಇಲ್ಲ.

ಗುವಾಂಗ್‌ಜೌ ನಿವಾಸಿ

ಇಂದಿಗೆ ಒಂಬತ್ತನೆಯ ದಿನ. ಪ್ರೈಮಾಕ್ವಿನ್ ಶುರು ಮಾಡುವ ಮೊದಲು ಜಿ6ಪಿಡಿ ಪರೀಕ್ಷೆ ಮಾಡಿಸಿದರು. ಆ ಕಿಣ್ವದ ಕೊರತೆ ಇರುವವರಿಗೆ ಈ ಮಾತ್ರೆಯಿಂದ ರಕ್ತಕಣ ಒಡೆಯುತ್ತದಂತೆ. ಅಪ್ಪನಿಗೆ ಕೊರತೆ ಇಲ್ಲ. ಊಟದ ನಂತರ ತೆಗೆದುಕೊಂಡರೆ ಸಂಕಟ ಕಡಿಮೆ ಎಂದು ಆಶಾ ಕಾರ್ಯಕರ್ತೆ ಹೇಳಿಕೊಟ್ಟರು, ಈಗ ತೊಂದರೆ ಇಲ್ಲ. ತಮ್ಮ ಪ್ರತಿ ರಾತ್ರಿ ಮಾತ್ರೆಯ ಖಾಲಿ ಪಟ್ಟಿಯ ಫೋಟೊ ಕಳುಹಿಸುತ್ತಾನೆ. ಅದು ಬಂದ ಮೇಲೆಯೇ ನಾನು ಮಲಗುತ್ತೇನೆ.

ಉಳಿದ ಸೊಪ್ಪನ್ನು ಏನು ಮಾಡಲಿ ಎಂದು ಅಮ್ಮ ಕೇಳುತ್ತಿದ್ದಾರೆ.

ದವನದ ಹೊಲ

ತೆಂಗಿನ ಮರದ ಬುಡಕ್ಕೆ ಗೊಬ್ಬರವಾಗಿ ಹಾಕಲು ಹೇಳಿ ಅಣ್ಣ. ಮನೆಯಲ್ಲಿ ಕಾಂಗ್ರೆಸ್ ಗಿಡ ಆಗದವರಿದ್ದರೆ ಬರಿಗೈಯಲ್ಲಿ ಮುಟ್ಟುವುದು ಬೇಡ.

ಉಡುಪಿಯ ಲ್ಯಾಬ್ ತಂತ್ರಜ್ಞೆ

ಹದಿನಾಲ್ಕು ದಿನ ಮುಗಿದ ಮೇಲೂ, ಚಿಕಿತ್ಸೆ ಶುರುವಾದ 28ನೇ ದಿನ ಇನ್ನೊಮ್ಮೆ ರಕ್ತ ನೋಡಿಸಿ. ಜ್ವರ ಇಲ್ಲದಿದ್ದರೂ.

ಗುವಾಂಗ್‌ಜೌ ನಿವಾಸಿ

ಅಮ್ಮ ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ದಿನಾಂಕಕ್ಕೆ ಕುಂಕುಮದ ಗುರುತು ಹಾಕಿದ್ದಾರೆ. ಅಂದು ಅಪ್ಪನ ಜೊತೆ ಲ್ಯಾಬಿಗೆ ನಾನೇ ಹೋಗುತ್ತೇನೆ, ಟಿಕೆಟ್ ತೆಗೆದಾಯಿತು.